ಒಂದೇ ಹಲಗೆ, ಮೂರು ಹಳೇ ಹತ್ರಿ: ಸ್ಟ್ಯಾನ್ಲಿ, ಮಿಲ್ಲರ್ಸ್ ಫಾಲ್ಸ್, ಸಾರ್ಜೆಂಟ್

ನಾನು ಬಡಗಿ ಅಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಇನ್ಶೂರೆನ್ಸ್‌ನವ್ರಿಗೆ ಕೋಡ್ ಬರ್ಕೊಂಡು ಇರೋನು, ಆರು ವರ್ಷದಿಂದ ಹಳೇ ಅಮೆರಿಕನ್ ಹ್ಯಾಂಡ್ ಟೂಲ್ಸ್ ಹುಚ್ಚು ಹತ್ತಿ ಈಗ ಗರಾಜಲ್ಲಿ ಕಾರಿಗೇ ಜಾಗ ಇಲ್ಲ. ಅದ್ರಲ್ಲೂ ಹತ್ರಿ, ಅಂದ್ರೆ ಮರ ಹೆರೆದು ನುಣ್ಣಗೆ ಮಾಡೋ ಹ್ಯಾಂಡ್ ಪ್ಲೇನ್, ಕೆಲವ್ರು ಉಜ್ಜುಗೊರಡು ಅಂತಾರೆ ಕೆಲವ್ರು ಕೀಸುಳಿ ಅಂತಾರೆ, ನಮ್ಮ ತೀರ್ಥಹಳ್ಳಿ ಕಡೆ ಹತ್ರಿ. ಅದು ಎಲ್ಲಿ ಕಂಡ್ರೂ ಕೈ ತುರಿಸತ್ತೆ.

ನಾನಿರೋ ಜಾಗದ ದೋಷವೂ ಇದೆ ಅನ್ಕೊಳಿ. ಸ್ಟ್ಯಾನ್ಲಿ ಕಾರ್ಖಾನೆ ಇದ್ದ ನ್ಯೂ ಬ್ರಿಟನ್ ನಮ್ಮನೆಯಿಂದ ಹತ್ತು ಮೈಲಿ, ಆ ಊರಿಗೆ ಹಾರ್ಡ್‌ವೇರ್ ಸಿಟಿ ಅಂತಾನೇ ಅಡ್ಡಹೆಸರು. ಐ-91 ಹೈವೇ ಹಿಡಿದು ದಕ್ಷಿಣಕ್ಕೆ ಹೋದ್ರೆ ನ್ಯೂ ಹೇವನ್, ಸಾರ್ಜೆಂಟ್‌ನವ್ರ ಊರು. ಅದೇ ಹೈವೇಲಿ ಉತ್ತರಕ್ಕೆ ಮ್ಯಾಸಚೂಸೆಟ್ಸ್ ಒಳಗೆ ಗ್ರೀನ್‌ಫೀಲ್ಡ್ ತನಕ ಹೋಗಿ ಸ್ವಲ್ಪ ಪಕ್ಕಕ್ಕೆ ತಿರುಗಿದ್ರೆ ಮಿಲ್ಲರ್ಸ್ ಫಾಲ್ಸ್, ಕಂಪನಿ ಹೆಸರೂ ಅದೇ ಊರಿನ ಹೆಸರೂ ಅದೇ. ಮೂರನ್ನೂ ಒಂದೇ ಭಾನುವಾರ ಕಾರಲ್ಲಿ ಸುತ್ತಿ ಬರಬಹುದು, ಮಧ್ಯಾಹ್ನ ಎಲ್ಲಾದ್ರೂ ನಿಲ್ಲಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿ ತಿಂದ್ರೂ ಕತ್ತಲಾಗೋಕೆ ಮುಂಚೆ ಮನೆ. ಹಂಗಾಗಿ ಈ ಮೂರು ಕಂಪನಿ ಹತ್ರಿಗಳು ಇಲ್ಲಿ ಗರಾಜ್ ಸೇಲ್‌ನಲ್ಲಿ ಬದನೆಕಾಯಿ ಥರ ಸಿಗತ್ತೆ.

ಗೌರಿ ಹಬ್ಬಕ್ಕೆ ಒಂದು ಮಣೆ ಮಾಡೋಣ ಅಂತ ಶುರು ಮಾಡಿದಾಗ, ಮೂರೂ ಕೈಲಿದೆಯಲ್ಲ, ಯಾವ್ದು ವಾಸಿ ಅಂತ ಒಂದ್ಸಲ ಸರಿಯಾಗಿ ನೋಡೇಬಿಡೋಣ ಅನ್ನಿಸ್ತು. ಮೂರೂ ಒಂದೇ ಅಳತೆ, 9 ಇಂಚು ಉದ್ದ, 2 ಇಂಚು ಅಗಲದ ಅಲಗು, ಅಡುಗೆಮನೆ ತಕ್ಕಡೀಲಿ ಇಟ್ರೆ ಒಂದೂವರೆಯಿಂದ ಒಂದೂಮುಕ್ಕಾಲು ಕೆಜಿ ಒಳಗೆ. ನಂಬರ್ ಮಾತ್ರ ಬೇರೆ ಬೇರೆ, ಹೊಸಬ್ರಿಗೆ ತಲೆ ಕೆಡೋದೇ ಇಲ್ಲಿ. ಸ್ಟ್ಯಾನ್ಲಿ ಇದಕ್ಕೆ 4 ಅಂತು, ಚಿಕ್ಕದರಿಂದ ದೊಡ್ಡದಕ್ಕೆ ವರಸೆ ಪ್ರಕಾರ ನಂಬರ್ ಅಷ್ಟೆ. ಮಿಲ್ಲರ್ಸ್ ಫಾಲ್ಸ್‌ನವ್ರು ಬುದ್ಧಿವಂತ್ರು, ಇಂಚು ಎಷ್ಟೋ ಅದೇ ನಂಬರ್, 9 ಇಂಚಿಗೆ 9, 14ಕ್ಕೆ 14, 22ಕ್ಕೆ 22. ಸಾರ್ಜೆಂಟ್ ಅದೇ ಇಂಚಿನ ಹಿಂದೆ ಒಂದು 4 ಸೇರಿಸಿ 409, 414, 422 ಅಂತ ಮಾಡ್ಕೊಂಡ್ರು.

ಒಳಗಿನ ಯಂತ್ರ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ. ಲಿಯೊನಾರ್ಡ್ ಬೈಲಿ ಅಂತ ಒಬ್ಬ 1850-60ರ ದಶಕದಲ್ಲಿ ಬಾಸ್ಟನ್‌ನಲ್ಲಿ ಕೂತು ಈ ಕಬ್ಬಿಣದ ಹತ್ರಿ ರೂಪಿಸಿದ, ಹಿಂದಿನ ಹಿತ್ತಾಳೆ ಚಕ್ರ ತಿರುಗಿಸಿದ್ರೆ ಅಲಗು ಕೆಳಗೆ ಮೇಲೆ ಆಗೋದು ಅವನ ಕೈಚಳಕ. 1869ರಲ್ಲಿ ಅವನ ಪೇಟೆಂಟ್‌ಗಳನ್ನ ಸ್ಟ್ಯಾನ್ಲಿ ಕೊಂಡ್ಕೊಂತು, ಪೇಟೆಂಟ್ ಮುಗಿದ ಮೇಲೆ ಉಳಿದವ್ರೆಲ್ಲ ಅದನ್ನೇ ಮಾಡಿದ್ರು. ಮಿಲ್ಲರ್ಸ್ ಫಾಲ್ಸ್ 1868ರಷ್ಟು ಹಳೇ ಕಂಪನಿ ಆದ್ರೂ ಅವ್ರು ಹತ್ರಿ ಮಾರುಕಟ್ಟೆಗೆ ಬಿಟ್ಟಿದ್ದು 1929ರಲ್ಲಿ, ಅಲ್ಲೀವರೆಗೆ ಡ್ರಿಲ್ಲು ಬ್ರೇಸು ಅಂತ ಬೈರಿಗೆ ಜಾತಿಯ ಸಾಮಾನಿಗೇ ಅವ್ರ ಹೆಸರು.

ಸ್ಟ್ಯಾನ್ಲಿ ನಾನು ತಗೊಂಡಿದ್ದು ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ನಡೆಯೋ ಹಳೇ ಸಾಮಾನಿನ ಸಂತೇಲಿ. ವರ್ಷಕ್ಕೆ ಮೂರು ಸಲ, ಮೇ ಜುಲೈ ಸೆಪ್ಟೆಂಬರ್‌ನಲ್ಲಿ, ಮೈಲಿಗಟ್ಲೆ ಟೆಂಟ್ ಹಾಕ್ತಾರೆ. 35 ಡಾಲರ್. ಫ್ರಾಗ್ ಅಂತಾರಲ್ಲ, ಅಲಗು ಒರಗಿಕೊಳ್ಳೋ ಇಳಿಜಾರಿನ ಪೀಠ (ಕಪ್ಪೆ ಅಂತ ಯಾಕೆ ಕರೆದ್ರೋ ದೇವ್ರಿಗೇ ಗೊತ್ತು), ಅದ್ರ ಹಿಂದೆ ಎರಕದಲ್ಲೇ ಮೂರು ಪೇಟೆಂಟ್ ತಾರೀಖು ಇತ್ತು: 1902 ಮಾರ್ಚ್ 25, 1902 ಆಗಸ್ಟ್ 19, 1910 ಏಪ್ರಿಲ್ 19. ಮೂರು ತಾರೀಖು ಇದ್ರೆ ಕಲೆಕ್ಟರ್‌ಗಳ ಭಾಷೇಲಿ ಟೈಪ್ 11, 1910ರಿಂದ 18ರ ಒಳಗಿನ ಮಾಲು. ಈ ಟೈಪ್ ಲೆಕ್ಕ ಕಂಪನಿ ಮಾಡಿದ್ದಲ್ಲ, ಆಮೇಲೆ ಕಲೆಕ್ಟರ್‌ಗಳು ಕೂತು ಜಾತಕ ಬರೆದಂಗೆ ಬರೆದಿದ್ದು, ಕಾರ್ಖಾನೇಲಿ ಡಬ್ಬಿಯಲ್ಲಿ ಏನು ಉಳಿದಿತ್ತೋ ಅದನ್ನ ಹಾಕಿ ಕಳಿಸ್ತಿದ್ರು. ಮಾರಿದ ಪುಣ್ಯಾತ್ಮ ಎಲ್ಲಾ ಒರಿಜಿನಲ್ ಅಂತ ಆಣೆ ಮಾಡಿದ್ದ. ಮನೆಗೆ ಬಂದು ಲೈಟಲ್ಲಿ ನೋಡಿದ್ರೆ ಅಲಗನ್ನ ಮೇಲಿಂದ ಒತ್ತಿ ಹಿಡಿಯೋ ಲಿವರ್ ಕ್ಯಾಪ್‌ನಲ್ಲಿ ಗೋಡಂಬಿ ಆಕಾರದ ತೂತು! ಆ ಕಾಲದ್ದಾದ್ರೆ ಬೀಗದ ತೂತಿನ ಥರ ಇರ್ಬೇಕು, ಗೋಡಂಬಿ ಬಂದಿದ್ದು 1933ರ ಆಸುಪಾಸು. ಅಂದ್ರೆ ಅಜ್ಜನ ಮೈ, ಮೊಮ್ಮಗನ ಟೋಪಿ. ಕೆಲಸಕ್ಕೆ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ, ಕಲೆಕ್ಷನ್ ಲೆಕ್ಕದಲ್ಲಿ ಮಾತ್ರ ಬೆಲೆ ಅರ್ಧ.

ಫ್ರಾಗ್‌ನ ಒಂದು ಸ್ಕ್ರೂ ಬೇರೆ ಇರ್ಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ್ಧ ಗಂಟೆ ಡಬ್ಬಿ ಡಬ್ಬಿ ಹುಡುಕಿದೆ, ಯಾವ್ದೂ ಕೂರಲ್ಲ, ಯಾಕಂದ್ರೆ ಸ್ಟ್ಯಾನ್ಲಿ ಬಳಸ್ತಿದ್ದ ಮರೆ (ಸ್ಕ್ರೂ ಮೇಲಿನ ಸುತ್ತು) 12-20, ಅಂದ್ರೆ ಇಂಚಿಗೆ 20 ಸುತ್ತು, ಅಂಗಡೀಲಿ ಇವತ್ತು ಸಿಗೋದು 12-24. ಬಲವಂತ ಮಾಡಿದ್ರೆ ಎರಕದ ಒಳಗಿನ ಮರೆ ಹಾಳು, ಅದನ್ನ ಯಾರೂ ಮಾಡಬೇಡಿ. ಆದ್ರೆ ಸ್ಟ್ಯಾನ್ಲಿಯ ದೊಡ್ಡ ಗುಣವೂ ಇಲ್ಲೇ ಇರೋದು, ಲಕ್ಷಗಟ್ಲೆ ಮಾಡಿ ಬಿಸಾಕಿದಾರೆ, ಮುರಿದು ಬಿಚ್ಚಿಟ್ಟ ಹತ್ರಿಗಳ ಬಿಡಿಭಾಗ ಮಾರೋರು ಎಷ್ಟೋ ಜನ, ಆರು ಡಾಲರ್‌ಗೆ ಸರಿಯಾದ ಹಳೇ ಸ್ಕ್ರೂನೇ ಪೋಸ್ಟಲ್ಲಿ ಬಂತು.

ಮಿಲ್ಲರ್ಸ್ ಫಾಲ್ಸ್ 9 ಒಬ್ರ ಎಸ್ಟೇಟ್ ಸೇಲ್‌ನಲ್ಲಿ (ಮನೆ ಸಾಮಾನೆಲ್ಲ ಮಾರಿಬಿಡೋದು) 22 ಡಾಲರ್. ಇದನ್ನ ದೂರದಿಂದಲೇ ಗುರುತು ಹಿಡಿಬಹುದು, ಕರೀ ಮೈಯೊಳಗೆ ಕುಂಕುಮದ ಬಣ್ಣದ ಫ್ರಾಗ್, ನಿಕಲ್ ಹೊಳಪಿನ ಕ್ಯಾಪ್. ಆ ಕ್ಯಾಪ್‌ನಲ್ಲೇ ವಿಶೇಷ. ಸ್ಟ್ಯಾನ್ಲಿಯದ್ದು ಒಂದೇ ತುಂಡು, ಇವ್ರದ್ದು ಎರಡು ತುಂಡು ಸೇರಿಸಿ ಕೀಲು ಹಾಕಿರೋದು, ಅಲಗನ್ನ ಮೂರು ಕಡೆ ಒತ್ತಿ ಹಿಡಿಯತ್ತೆ. ಊರಲ್ಲಿ ನಮ್ಮನೆ ಕಟ್ಟಿದ ಆಚಾರ್ರಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸ್ದೆ. ಅವ್ರ ಹತ್ರಿ ಪೂರ್ತಿ ಮರದ್ದು, ಅಲಗು ನಿಲ್ಸೋಕೆ ಒಂದು ಬೆಣೆ, ಬೆಣೆಗೆ ಕೊಡತೀಲಿ ಟಕ್ ಅಂತ ಒಂದೇಟು, ಅಷ್ಟೇ ಅಡ್ಜಸ್ಟ್‌ಮೆಂಟ್. ಕಣ್ಣು ಕಿರಿದು ಮಾಡಿ ನೋಡಿ, "ಬೆಣೆ ಎಲ್ಲಿ ಮಾರಾಯ್ರೆ?" ಅಂದ್ರು. ಇದೇ ಬೆಣೆ ಅಂತ ಆ ಕ್ಯಾಪ್ ಬಿಚ್ಚಿ ಹಾಕಿ ತೋರಿಸ್ದೆ. "ಇಷ್ಟೊಂದು ಸಾಮಾನು ಯಾಕೆ, ಒಂದು ಕಳೆದ್ರೆ ಅವತ್ತಿನ ಕೆಲ್ಸ ಹೋಯ್ತು" ಅಂದ್ರು. ಆ 12-20 ಸ್ಕ್ರೂ ನೆನಪಾಗಿ ನಾನು ಸುಮ್ಮನಾದೆ.

ಸಾರ್ಜೆಂಟ್ 409 ನಾನು ಬೇಕು ಅಂತ ತಗೊಂಡಿದ್ದೇ ಅಲ್ಲ. ಒಂದು ಡಿಸ್ಟನ್ ಗರಗಸದ ಮೇಲೆ ಕಣ್ಣಿತ್ತು, ಫಿಲಡೆಲ್ಫಿಯಾದ ಡಿಸ್ಟನ್, ಹಿಡಿಕೆಯಲ್ಲಿ ಹಿತ್ತಾಳೆ ಬಿಲ್ಲೆ ಇರೋದು, ಅದಿದ್ದ ಡಬ್ಬಿಯನ್ನ ಇಡಿಯಾಗಿ 15 ಡಾಲರ್‌ಗೆ ಕೊಟ್ಟಾಗ ತಳದಲ್ಲಿ ಇದೂ ಇತ್ತು. ತುಕ್ಕು ಹಿಡಿದು ಇಟ್ಟಿಗೆ ಥರ ಆಗಿತ್ತು. ಅಲಗು, ಚಿಪ್‌ಬ್ರೇಕರ್ (ಅಲಗಿನ ಮೇಲೆ ಕೂತು ಸುರುಳಿ ಮುರಿಯೋ ಪಟ್ಟಿ) ಎಲ್ಲಾ ಬಿಚ್ಚಿ ಒಂದು ರಾತ್ರಿ ವಿನಿಗರ್‌ನಲ್ಲಿ ನೆನೆಸಿ ಉಜ್ಜಿದ್ಮೇಲೆ ವಿ.ಬಿ.ಎಂ. ಅಂತ ಅಕ್ಷರ ಎದ್ದು ಬಂತು, ವೆರಿ ಬೆಸ್ಟ್ ಮೇಡ್ ಅಂತ ಅವ್ರೇ ತಮಗೆ ಕೊಟ್ಕೊಂಡ ಬಿರುದು. ಫ್ರಾಗ್‌ನ ಮುಂದೆ ಹಿಂದೆ ಸರಿಸೋ ಸ್ಕ್ರೂ ನನ್ನ ಸ್ಟ್ಯಾನ್ಲಿಯಲ್ಲಿದೆ (1907ರ ಸುಮಾರಿಗೆ ಬಂದ ಅನುಕೂಲ), ನನ್ನ ಈ ಸಾರ್ಜೆಂಟ್‌ನಲ್ಲಿಲ್ಲ, ಎಲ್ಲಾ ಸಡಿಲ ಮಾಡಿ ಕೈಲೇ ಅಂದಾಜಲ್ಲಿ ತಳ್ಬೇಕು. ವಿನಿಗರ್ ಅಂದ್ನಲ್ಲ, ಕರೀ ಬಣ್ಣ ಇರೋ ಮೈಯನ್ನ ಮಾತ್ರ ಮುಳುಗಿಸಬೇಡಿ, ಆ ಜಪಾನಿಂಗ್ ಪದರ ಎದ್ದು ಬರೋ ಚಾನ್ಸ್ ಇದೆ. ಒಂದು ಹತ್ರಿ ಹಂಗೆ ಬೋಳು ಮಾಡ್ಕೊಂಡಿದೀನಿ.

ಸರಿ, ಟ್ರಯಲ್. ಮೂರೂ ಅಲಗನ್ನ ಒಂದೇ ದಿನ, 1000 ಆಮೇಲೆ ಇನ್ನೂ ನುಣುಪಾದ 6000 ನಂಬರ್ ನೀರ್ಗಲ್ಲಿನ ಮೇಲೆ ಮಸೆದೆ, ಕೊನೆಗೆ ಚರ್ಮದ ಪಟ್ಟಿ ಮೇಲೆ ಎಳೆದೆ. ಮೂರು ಹತ್ರಿಯ ತಳವನ್ನೂ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ತಿಕ್ಕಿದ್ದು ಮುಂಚೇನೇ ಆಗಿತ್ತು. ಮೊದ್ಲು ಚೆರಿ ಮರ, ಮಣೆಗೆ ತಂದಿದ್ದು. ಅದು ಒಳ್ಳೇ ಹುಡುಗಿ ಥರ ಮರ, ಯಾವ ಹತ್ರಿಗೂ ಎದುರು ಮಾತಾಡಲ್ಲ, ಮೂರರಲ್ಲೂ ಉದ್ದುದ್ದ ಸುರುಳಿ, ಈರುಳ್ಳಿ ಒಳಸಿಪ್ಪೆ ಥರ ಅದ್ರ ಮೂಲಕ ಬೆರಳಿನ ಗೆರೆ ಕಾಣೋಷ್ಟು ತೆಳ್ಳಗೆ. ಇಲ್ಲೇ ನಿಲ್ಸಿದ್ರೆ ಮೂರೂ ಒಂದೇ ಅಂತ ಬರೆದು ಮುಗಿಸಬಹುದಿತ್ತು.

ಕರ್ಲಿ ಮೇಪಲ್ ತಗೊಂಡಾಗ ಬಣ್ಣ ಬಯಲಾಯ್ತು. ಎಳೆ ಅಲೆ ಅಲೆಯಾಗಿ ಮೇಲೆ ಕೆಳಗೆ ಹೋಗತ್ತೆ, ಯಾವ ದಿಕ್ಕಿಂದ ಹೊಡೆದ್ರೂ ಅರ್ಧ ಜಾಗದಲ್ಲಿ ಎದುರೆಳೆ. ಮೊದಲ ಸುತ್ತಿನಲ್ಲಿ ಮೂರೂ ಫೇಲು, ಸ್ಟ್ಯಾನ್ಲಿ ಸೇರಿಸಿ, ಬೆರಳು ಆಡಿಸಿದ್ರೆ ಬೆಕ್ಕಿನ ನಾಲಿಗೆ ಥರ ಒರಟು. ಆಮೇಲೆ ಮೂರರಲ್ಲೂ ಚಿಪ್‌ಬ್ರೇಕರ್‌ನ ಅಲಗಿನ ಬಾಯಿಗೆ ಎಷ್ಟು ಹತ್ರ ಆಗತ್ತೋ ಅಷ್ಟು ತಂದೆ, ಕಣ್ಣಿಗೆ ಬರೀ ಒಂದು ಬೆಳ್ಳಿ ಗೆರೆ ಕಾಣ್ಬೇಕು. ಈಗ ಮಿಲ್ಲರ್ಸ್ ಫಾಲ್ಸ್ ಹಾಕಿ ಒಂದು ಸಲ ನೂಕಿದೆ ನೋಡಿ, ಸದ್ದೇ ಬದಲಾಯ್ತು, ಕರಕರ ಹೋಗಿ ರೇಷ್ಮೆ ಸೀರೆ ಮಡಿಕೆ ಬಿಚ್ಚಿದಾಗ ಬರತ್ತಲ್ಲ ಆ ಸರ್ರ್ ಅನ್ನೋ ಸದ್ದು. ಸುರುಳಿ ಸುತ್ತಿಕೊಳ್ಳದೆ ನೆಟ್ಟಗೆ ಮೇಲಕ್ಕೆ ಎದ್ದು ಬಂತು. ಹಲಗೆ ಮೇಲೆ ಬೆಳಕು ಬಿದ್ರೆ ನೀರು ಸವರಿದಂಗೆ.

ಸ್ಟ್ಯಾನ್ಲಿಯಲ್ಲೂ ಬಂತು, ಆದ್ರೆ ಎರಡು ಸಲ ಬಿಚ್ಚಿ ಹಾಕಿದ್ಮೇಲೆ. ಕಾರಣ ಚಕ್ರದ ಸಡಿಲು. ಅಲಗು ಇಳಿಸಿ, ಜಾಸ್ತಿ ಆಯ್ತು ಅಂತ ವಾಪಸ್ ತಿರುಗಿಸಿದ್ರೆ ನನ್ನದರಲ್ಲಿ ಒಂದು ಸುತ್ತಿಗೂ ಜಾಸ್ತಿ ಖಾಲಿ ತಿರುಗತ್ತೆ, ಆಮೇಲೆ ಹಿಡಿಯತ್ತೆ. ನೂರು ವರ್ಷ ದುಡಿದು ಸವೆದಿರೋ ಸಾಮಾನು, ಅದ್ರ ತಪ್ಪು ಅನ್ನೋಕಾಗಲ್ಲ. ಮಿಲ್ಲರ್ಸ್ ಫಾಲ್ಸ್‌ನಲ್ಲಿ ಅರ್ಧ ಸುತ್ತು, ಬಹುಶಃ ಹಿಂದಿನ ಯಜಮಾನ ಜಾಸ್ತಿ ಬಳಸೇ ಇರ್ಲಿಲ್ಲ. ಹಿಡಿ ವಿಷಯಕ್ಕೂ ನನಗೆ ಮಿಲ್ಲರ್ಸ್ ಫಾಲ್ಸೇ ವಾಸಿ, ಕೈ ತುಂಬ ಕೂರತ್ತೆ. ಸ್ಟ್ಯಾನ್ಲಿ ಟೈಪ್ 11ರ ಮುಂದಿನ ಗುಂಡಿ ಕುಳ್ಳು, ನೋಡೋಕೆ ರೋಸ್‌ವುಡ್‌ನಲ್ಲಿ ಮುದ್ದಾಗಿದೆ, ಅರ್ಧ ಗಂಟೆ ಹೊಡೆದ್ರೆ ಎಡಗೈ ಬೆರಳ ಸಂದು ನೋಯತ್ತೆ. ಎತ್ತರದ ಗುಂಡಿ ಬಂದಿದ್ದು 1920ರ ಆಸುಪಾಸಿಗೆ. ಕುಳ್ಳು ಗುಂಡೀನೇ ಇಷ್ಟ ಅನ್ನೋರೂ ತುಂಬ ಜನ ಇದಾರೆ, ಅದು ಕೈ ಅಳತೆ ಮೇಲೆ.

ಸಾರ್ಜೆಂಟ್ ಎರಡನೇ ಸುತ್ತಲ್ಲೂ ಕೈ ಕೊಡ್ತು. ಅಲಗು ನಡುಗಿ ಹಲಗೆ ಮೇಲೆ ಸಣ್ಣ ಸಣ್ಣ ಮೆಟ್ಟಿಲು, ವಾಶ್‌ಬೋರ್ಡ್ ಥರ. ಛೆ, ಅಗ್ಗದ ಮಾಲು ಇಷ್ಟೇ ಅಂತ ಪಕ್ಕಕ್ಕಿಟ್ಟು ಕಾಫಿ ಕುಡಿಯೋಕೆ ಹೋದೆ. ಕಾಫಿ ಕುಡಿತಾ ತಲೆಗೆ ಹೊಳೀತು, ಫ್ರಾಗ್ ಬಿಚ್ಚಿ ಕೆಳಗೆ ನೋಡೇ ಇಲ್ವಲ್ಲ! ಬಿಚ್ಚಿದ್ರೆ ಅದು ಕೂರೋ ಜಾಗದಲ್ಲಿ ಗಟ್ಟಿಯಾದ ಹಳೇ ಗ್ರೀಸು ಮತ್ತೆ ಅಕ್ಕಿಕಾಳಿನಷ್ಟು ತುಕ್ಕಿನ ಗಂಟು. ಅದ್ರ ಮೇಲೆ ಫ್ರಾಗ್ ಮೂರು ಕಾಲಿನ ಮಂಚದ ಥರ ಕುಂಟ್ತಾ ಇತ್ತು. ಕೆರೆದು ಒರೆಸಿ ಹಾಕಿದ ಮೇಲೆ ಮೇಪಲ್‌ನಲ್ಲಿ ಸ್ಟ್ಯಾನ್ಲಿಗೆ ಸಮ ಸಮ ಓಡ್ತು, ಎರಡರ ಮುಗಿತ ಪಕ್ಕ ಪಕ್ಕ ಇಟ್ರೆ ನನ್ನ ಹೆಂಡ್ತಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ, ನಿಜ ಹೇಳ್ಬೇಕಂದ್ರೆ ನನಗೂ ಇಲ್ಲ. 15 ಡಾಲರ್ ಡಬ್ಬಿಯಲ್ಲಿ ಬಿಟ್ಟಿ ಬಂದಿದ್ದು.

ಹಂಗಾದ್ರೆ ಯಾವ್ದು ತಗೋಬೇಕು? ನನ್ನ ಕೈಗೆ ಮಿಲ್ಲರ್ಸ್ ಫಾಲ್ಸ್, ಅನುಮಾನ ಇಲ್ಲ, ಬೆಂಚ್ ಮೇಲೆ ಯಾವಾಗ್ಲೂ ಇರೋದು ಅದೇ. ಕಲೆಕ್ಟರ್‌ಗಳು ಸ್ಟ್ಯಾನ್ಲಿ ಹಿಂದೆ ಬಿದ್ದಿರೋದ್ರಿಂದ ಇದು ಇನ್ನೂ ಅಗ್ಗ, ಆ ಗುಟ್ಟು ಗುಟ್ಟಾಗೇ ಇರ್ಲಿ. ಆದ್ರೆ ಮೊದಲ ಹತ್ರಿ ತಗೊಳೋರಿಗೆ ನಾನು ಸ್ಟ್ಯಾನ್ಲಿನೇ ಹೇಳೋದು, ಏನು ಮುರಿದ್ರೂ ಕಳೆದ್ರೂ ಬದಲಿ ಸಿಗತ್ತೆ, ಉಳಿದ ಎರಡಕ್ಕೆ ಒಂದು ಚಿಪ್‌ಬ್ರೇಕರ್ ಹುಡುಕೋಕೆ ಹೋದ್ರೆ ಇಡೀ ಇನ್ನೊಂದು ಹತ್ರಿನೇ ತಗೋಬೇಕಾಗತ್ತೆ. ಎರಡನೇ ಮಹಾಯುದ್ಧದ ಕಾಲದ ಸ್ಟ್ಯಾನ್ಲಿ ಸಿಕ್ಕಿದ್ರೆ ಬಿಡಬೇಡಿ, ಹಿತ್ತಾಳೆಗೆ ಬರ ಬಂದು ಚಕ್ರಕ್ಕೆ ಗಟ್ಟಿ ರಬ್ಬರೋ ಉಕ್ಕೋ ಹಾಕಿದಾರೆ ಅಂತ ಜನ ಮೂಗು ಮುರೀತಾರೆ, ಎರಕ ಮಾತ್ರ ದಪ್ಪ, ಭಾರ. ಸ್ಟ್ಯಾನ್ಲಿ ನಂಬರ್ 1, ಅಂಗೈ ಉದ್ದದ್ದು, ಸಾವಿರ ಡಾಲರ್ ದಾಟತ್ತೆ, ಅದು ಗಾಜಿನ ಬೀರುವಿಗೆ, ಮರಕ್ಕಲ್ಲ.

ಸಾರ್ಜೆಂಟ್‌ನ ಅಲಗನ್ನ ಈಗ ಸ್ವಲ್ಪ ಕಮಾನು ಥರ ಮಸೆದು, ತಳದಲ್ಲಿ ಅಲಗು ಹೊರಬರೋ ಬಾಯಿ ಅಗಲ ಮಾಡಿ ಒರಟು ಕೆಲಸಕ್ಕೆ ಇಟ್ಕೊಂಡಿದೀನಿ. ಗರಗಸದಿಂದ ಬಂದ ಹಲಗೆ ಮಟ್ಟ ಮಾಡೋಕೆ ಅಡ್ಡಡ್ಡ ಹೊಡೆದ್ರೆ ತೆಂಗಿನ ತುರಿ ಥರ ಉದುರತ್ತೆ. ಮಣೆ ಮೇಲ್ಮೈ ಮಿಲ್ಲರ್ಸ್ ಫಾಲ್ಸ್‌ದು, ಅಂಚು ಸ್ಟ್ಯಾನ್ಲಿದು. ಕೆಳಭಾಗ ಸಾರ್ಜೆಂಟ್‌ದು, ಅಲ್ಲಿ ಹತ್ರಿ ಗೆರೆ ಹಂಗೇ ಬಿಟ್ಟಿದೀನಿ, ಹಬ್ಬದ ದಿನ ಯಾರೂ ಮಗುಚಿ ನೋಡ್ಲಿಲ್ಲ.