ಚುನಾವಣಾ ಪ್ರಿಡಿಕ್ಷನ್ ಮಾರ್ಕೆಟ್: ಐದು ವರ್ಷ ಬಳಸಿದ ಮೇಲೆ (5ಕ್ಕೆ 3 ಸ್ಟಾರ್)

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ದುಡ್ಡು ಹಾಕಿ ಷೇರು ಕೊಳ್ಳುವ, ಮಾರುವ ಇಂಥ ಒಂದು ಆ್ಯಪ್ 2020ರಿಂದ ಬಳಸುತ್ತಿದ್ದೇನೆ. ಅಧ್ಯಕ್ಷರ ಚುನಾವಣೆಗಿಂತ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಪ್ರೈಮರಿಗಳನ್ನೇ ಜಾಸ್ತಿ ನೋಡುತ್ತೇನೆ. ಪಕ್ಷದ ಟಿಕೆಟ್ ಯಾರಿಗೆ ಅಂತ ಇಲ್ಲಿ ಹೈಕಮಾಂಡ್ ಹೇಳುವುದಿಲ್ಲ, ಮತದಾರರೇ ವೋಟು ಹಾಕಿ ತೀರ್ಮಾನಿಸುತ್ತಾರೆ. ಅದೇ ಪ್ರೈಮರಿ.

ಪ್ರತಿ ಅಭ್ಯರ್ಥಿಗೂ ಒಂದು ಷೇರು ಇರುತ್ತದೆ. ಗೆದ್ದರೆ 1 ಡಾಲರ್, ಸೋತರೆ ಸೊನ್ನೆ. ದರ 60 ಸೆಂಟ್ ಇದ್ದರೆ ಗೆಲ್ಲುವ ಸಾಧ್ಯತೆ 60% ಅಂತ ಓದುತ್ತಾರೆ. 1988ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಪ್ರಯೋಗ ಅಂತ ಶುರುಮಾಡಿದ ಮಾರ್ಕೆಟ್‌ನಲ್ಲಿ ಮಾತ್ರ ಅಭ್ಯರ್ಥಿಗೆ ಬಿದ್ದ ಮತದ ಪಾಲಿಗೆ ತಕ್ಕಂತೆ ದುಡ್ಡು ಸಿಗುತ್ತಿತ್ತು.

ಇದರ ಉಪಯೋಗ ನನಗೆ ಗೊತ್ತಾಗಿದ್ದು 2022ರಲ್ಲಿ, ನಮ್ಮ ಪೆನ್ಸಿಲ್ವೇನಿಯಾ ರಾಜ್ಯದ ರಿಪಬ್ಲಿಕನ್ ಸೆನೆಟ್ (ಸಂಸತ್ತಿನ ಮೇಲ್ಮನೆ) ಪ್ರೈಮರಿಯಲ್ಲಿ. ಮೆಹ್ಮೆತ್ ಓಜ್ ಮತ್ತು ಡೇವಿಡ್ ಮೆಕಾರ್ಮಿಕ್ ನಡುವೆ ಜಿದ್ದಾಜಿದ್ದಿ. ಮೆಕಾರ್ಮಿಕ್ ಮೇಲೆ 40 ಡಾಲರ್ ಹಾಕಿದ್ದೆ. ಮೇ 17ರ ರಾತ್ರಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಒಂದು ಕಡೆ ಎಣಿಕೆ, ಇನ್ನೊಂದು ಕಡೆ ದರ. ಅಂಚೆ ಮತಗಳಲ್ಲಿ ಮೆಕಾರ್ಮಿಕ್ ಬಲವಾಗಿದ್ದರು, ಮತಗಟ್ಟೆಯ ಮತಗಳಲ್ಲಿ ಓಜ್. ಯಾವ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಯಾವ ಮತ ಎಣಿಸುತ್ತಿದ್ದಾರೆ ಅನ್ನುವುದರ ಮೇಲೆ ದರ ಏರುತ್ತಿತ್ತು, ಇಳಿಯುತ್ತಿತ್ತು. ಅಂತರ ಅರ್ಧ ಪರ್ಸೆಂಟ್‌ಗಿಂತ ಕಡಿಮೆ ಆದ್ದರಿಂದ ಕಾನೂನಿನ ಪ್ರಕಾರ ಮರುಎಣಿಕೆ. ಲಕೋಟೆ ಮೇಲೆ ತಾರೀಖು ಬರೆಯದ ಅಂಚೆ ಮತಗಳನ್ನು ಎಣಿಸಬೇಕೋ ಬೇಡವೋ ಅಂತ ಕೋರ್ಟು ಬೇರೆ. ಮೆಕಾರ್ಮಿಕ್ ಸೋಲು ಒಪ್ಪಿಕೊಂಡಿದ್ದು ಜೂನ್ 3ಕ್ಕೆ. 13 ಲಕ್ಷಕ್ಕೂ ಜಾಸ್ತಿ ಮತಗಳಲ್ಲಿ ಕೊನೆಗೆ ಉಳಿದ ಅಂತರ 951. ನನ್ನ 40 ಡಾಲರ್ ಹೋಯಿತು. ಆದರೆ ಮತ ಎಣಿಕೆ ಹೇಗೆ ನಡೆಯುತ್ತದೆ ಅಂತ ಆ ಎರಡೂವರೆ ವಾರದಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಎರಡು ಸ್ಟಾರ್ ಕಡಿಮೆ ಕೊಟ್ಟಿದ್ದು ಚಿಕ್ಕ ಹೌಸ್ (ಸಂಸತ್ತಿನ ಕೆಳಮನೆ) ಪ್ರೈಮರಿಗಳಿಗಾಗಿ. ಒಮ್ಮೆ ಒಬ್ಬರ ಷೇರು ಪರದೆ ಮೇಲೆ 71 ಸೆಂಟ್ ತೋರಿಸುತ್ತಿತ್ತು. ಮಾರೋಣ ಅಂತ ಹೋದರೆ 52ಕ್ಕಿಂತ ಮೇಲೆ ಕೇಳುವವರೇ ಇಲ್ಲ. ಆ 71 ಯಾವಾಗಲೋ ನಡೆದ ಕೊನೆಯ ವ್ಯಾಪಾರದ ದರ, ಅದೂ ನಾಲ್ಕೈದು ಷೇರಿನದ್ದು. ಅದನ್ನೇ ‘71% ಗೆಲುವು’ ಅಂತ ವಾಟ್ಸ್ಆ್ಯಪ್‌ನಲ್ಲಿ ಹಂಚುವವರನ್ನು ಕಂಡರೆ ನಿಜಕ್ಕೂ ಬೇಜಾರಾಗುತ್ತದೆ. ದರ ನೋಡುವ ಮೊದಲು ಕೊಳ್ಳುವವರ ದರಕ್ಕೂ ಮಾರುವವರ ದರಕ್ಕೂ ಎಷ್ಟು ಅಂತರ ಇದೆ ನೋಡಿ. ಎರಡು ಮೂರು ಸೆಂಟ್ ಇದ್ದರೆ ಆ ಸಂಖ್ಯೆಗೆ ಅರ್ಥ ಇದೆ. ಇಪ್ಪತ್ತು ಇದ್ದರೆ ಅದು ನಾಲ್ಕು ಜನರ ಅಭಿಪ್ರಾಯ, ಅಷ್ಟೇ.

ಅಭ್ಯರ್ಥಿಗಳು ಜಾಸ್ತಿ ಇದ್ದರೆ ಇನ್ನೂ ಕಷ್ಟ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದಿದ್ದು ಸುಮಾರು 28% ಮತದಲ್ಲಿ. ಕಣದಲ್ಲಿ ಒಂಬತ್ತು ಜನ ಇದ್ದರು. ಮತ ಹೀಗೆ ಚೂರಾಗುವ ಕಡೆ ಸಮೀಕ್ಷೆಗಳೂ ವಿರಳ, ದರಕ್ಕೆ ಆಧಾರವೇ ಇರುವುದಿಲ್ಲ. ಇಂಥ ಒಂದು ಪ್ರೈಮರಿಯಲ್ಲಿ ಎಲ್ಲರ ದರ ಕೂಡಿಸಿ ನೋಡಿದ್ದೆ, ನೂರು ದಾಟಿತ್ತು. ಎಲ್ಲರ ಸಾಧ್ಯತೆ ಸೇರಿ ನೂರನ್ನು ದಾಟಲು ಆಗಲ್ಲ ಅಲ್ವಾ?

ಇನ್ನೊಂದು ವಿಷಯ, ನಿಯಮಗಳ ಪುಟ. ಅಭ್ಯರ್ಥಿ ನಡುವೆ ಹಿಂದೆ ಸರಿದರೆ ಏನು, ಮರುಎಣಿಕೆ ಮುಗಿಯುವ ತನಕ ಕಾಯುತ್ತಾರೋ ಇಲ್ಲವೋ, ಎಲ್ಲ ಅಲ್ಲಿರುತ್ತದೆ. ಸುಮ್ನೆ ದರ ನೋಡಿ ಕೊಳ್ಳಬೇಡಿ.

ಊರಿನ ಸ್ನೇಹಿತರು ಕೇಳುತ್ತಿರುತ್ತಾರೆ, ಅವರಿಗೆ ನೇರವಾಗಿ ಹೇಳುತ್ತೇನೆ: ಭಾರತದಲ್ಲಿ 2025ರ ಕಾನೂನು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಲ್ಲಿಂದ ಇದಕ್ಕೆ ಕೈ ಹಾಕಬೇಡಿ.

ನಾನೂ ಈಗ ಒಂದು ಪ್ರೈಮರಿಗೆ 20 ಡಾಲರ್ ದಾಟಿಸುವುದಿಲ್ಲ. ಎಣಿಕೆಯ ರಾತ್ರಿ ಮೊದಲು ತೆರೆಯುವುದು ಕೌಂಟಿಯ ಎಣಿಕೆ ಪುಟ. ಇನ್ನೂ ಎಷ್ಟು ಅಂಚೆ ಮತ ಬಾಕಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆ್ಯಪ್ ತೆರೆಯುವುದು ಆಮೇಲೆ.