ಹಳೆ ಅಂಬಾಸಿಡರ್‌ಗೆ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್: ಮೂರು ಬೇಸಿಗೆ ಕಳೆದ ಮೇಲೆ

ಏಪ್ರಿಲ್ ಮಧ್ಯಾಹ್ನ, ಹೆಬ್ಬಾಳದ ಮೇಲ್ಸೇತುವೆಗೆ ಮುಂಚಿನ ವಾಹನಗಳ ಸಾಲು. 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನ ಟೆಂಪರೇಚರ್ ಮುಳ್ಳು ನಡುಗೆರೆ ದಾಟಿ ಒಂದು ಕೂದಲೆಳೆ ಮೇಲೇರುತ್ತದೆ. ಡ್ಯಾಶ್ ಕೆಳಗೆ ಕೂರಿಸಿಕೊಂಡ ಪುಟ್ಟ ಹಸಿರು ದೀಪ ಹತ್ತುತ್ತದೆ. ಐಡ್ಲಿಂಗ್ ಒಂದು ಕ್ಷಣ ತಗ್ಗಿ ಸುಧಾರಿಸಿಕೊಳ್ಳುತ್ತದೆ, ಬಾನೆಟ್ ಅಡಿಯಿಂದ ಗುಂಯ್ ಎಂಬ ಸದ್ದು. ಎರಡು ಮೂರು ನಿಮಿಷಕ್ಕೆ ಮುಳ್ಳು ಇಳಿದು ದೀಪ ಆರುತ್ತದೆ. ಇಂಜಿನ್ ನೀರನ್ನು ತಣಿಸುವ ರೇಡಿಯೇಟರ್‌ಗೆ ಹಾಕಿಸಿದ ಈ ಎಲೆಕ್ಟ್ರಿಕ್ ಫ್ಯಾನ್ ಕೊಡುವ ಸುಖ ಇಷ್ಟೇ. ಹಳೆ ಗಾಡಿಯನ್ನು ಬೇಸಿಗೆಯಲ್ಲಿ ಪೇಟೆಗೆ ತಂದವರಿಗೆ ಇದರ ಬೆಲೆ ಗೊತ್ತು.

ಬ್ಲೇಡು, ವ್ಯಾಟು, ಗಾಳಿಯ ಲೆಕ್ಕ ಎಲ್ಲ ಪೆಟ್ಟಿಗೆಯ ಮೇಲೇ ಇದೆ, ಬಿಡಿ. ತಿಳಿಯಬೇಕಾದದ್ದು ಒಂದು. ಅಂಬಾಸಿಡರ್‌ನ ಕಂಪನಿ ಫ್ಯಾನ್ ವಾಟರ್ ಪಂಪ್ ಪುಲ್ಲಿಯ ಮೇಲೆ ಕೂತು ಬೆಲ್ಟ್‌ನಲ್ಲಿ ತಿರುಗುವಂಥದ್ದು. ಇಂಜಿನ್ ನಿಧಾನವಾದರೆ ಅದೂ ನಿಧಾನ. ಗಾಳಿ ತೀರಾ ಬೇಕಾದ ಸಿಗ್ನಲ್‌ನಲ್ಲೇ ಅದು ಸುಸ್ತಾಗುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ ಇಂಜಿನ್ ವೇಗದ ಹಂಗಿಲ್ಲ. ಗಾಡಿ ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ಎದುರುಗಾಳಿಯೇ ಸಾಕು, ಆಗ ಫ್ಯಾನ್ ಮಲಗಿರುತ್ತದೆ. ಹೆದ್ದಾರಿ ವೇಗದಲ್ಲಿ ಕುದಿಯುವ ಗಾಡಿಗೆ ಯಾವ ಫ್ಯಾನ್ ಹಾಕಿದರೂ ದುಡ್ಡು ದಂಡ. ಅಲ್ಲಿ ರೋಗ ಕಟ್ಟಿಕೊಂಡ ರೇಡಿಯೇಟರ್‌ನದು, ಸವೆದ ಪಂಪಿನದು ಅಥವಾ ಇಗ್ನಿಷನ್ ಟೈಮಿಂಗ್‌ನದು.

ಮೋಟಾರಿನ ಬಗ್ಗೆ ಮೂರು ಬೇಸಿಗೆಯ ನಂತರವೂ ದೂರಿಲ್ಲ. ಬೇರಿಂಗ್ ಸದ್ದು ಮಾಡಿಲ್ಲ, ಬ್ಲೇಡ್ ಬಿರುಕು ಬಿಟ್ಟಿಲ್ಲ. ದೂರು ಇರುವುದು ಅದರ ಜೊತೆ ಪೆಟ್ಟಿಗೆಯಲ್ಲಿ ಬರುವ ಉಳಿದ ಸಾಮಾನಿನ ಮೇಲೆ, ಅದರಲ್ಲೂ ಆ ನಾಲ್ಕು ಪ್ಲಾಸ್ಟಿಕ್ ಟೈಗಳ ಮೇಲೆ.

ರೇಡಿಯೇಟರ್ ಜಾಲರಿಯ ನಡುವೆ ಟೈ ತೂರಿಸಿ, ಆ ಬದಿಯಲ್ಲಿ ಬಿಲ್ಲೆ ಹಾಕಿ ಎಳೆದು ಬಿಗಿ ಮಾಡಿದರೆ ಫ್ಯಾನ್ ಕೂತ ಹಾಗೆಯೇ, ಹತ್ತು ನಿಮಿಷದ ಕೆಲಸ ಎನ್ನುತ್ತದೆ ಸೂಚನೆ ಚೀಟಿ. ಹತ್ತು ನಿಮಿಷ ಎಂಬುದು ನಿಜ, ಆದರೆ ಇಡೀ ಫ್ಯಾನಿನ ಭಾರ ಈಗ ತೆಳು ಹಿತ್ತಾಳೆ ಕೊಳವೆಗಳ ಮೇಲೆ ನೇತಾಡುತ್ತಿದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಅಲುಗುತ್ತದೆ, ಹಳ್ಳ ಬಿದ್ದ ರಸ್ತೆ ಅಲುಗಿಸುತ್ತದೆ, ಫ್ಯಾನ್ ಶುರುವಾಗುವ ಪ್ರತಿ ಸಲ ಒಂದು ಎಳೆತ ಬೇರೆ. ಫ್ಯಾನಿಗೂ ಜಾಲರಿಗೂ ನಡುವೆ ಇಡುವ ಪ್ಯಾಡಿನ ಸ್ಪಂಜು ಒಂದು ಮಳೆಗಾಲದಲ್ಲಿ ಪುಡಿಯಾಗುತ್ತದೆ. ಆಮೇಲೆ ಟೈ ಗರಗಸದ ಹಾಗೆ ಕೊಳವೆಯನ್ನು ಉಜ್ಜುತ್ತಲೇ ಇರುತ್ತದೆ. ಮೊದಲ ಸುಳಿವು ಟೈ ತೂರಿದ ಜಾಗದ ಸುತ್ತ ಹಸಿರು ಕಲೆ. ಅದು ಕಾಣಿಸಿತೆಂದರೆ ನೀರು ಜಿನುಗಲು ಶುರು ಎಂದರ್ಥ. ರೇಡಿಯೇಟರ್ ಬಿಚ್ಚಿ ಬೆಸುಗೆ ಹಾಕಿಸಬೇಕು. ಅದೂ ಹಿಡಿಯದಿದ್ದರೆ ಕೋರ್, ಅಂದರೆ ಇಡೀ ಜಾಲರಿಯ ಬದಲಾವಣೆ, ಅದರ ಖರ್ಚಿನ ಮುಂದೆ ಫ್ಯಾನಿನ ಬೆಲೆ ಚಿಲ್ಲರೆ ಕಾಸು.

ಆದ್ದರಿಂದ ಟೈಗಳನ್ನು ಕಸಕ್ಕೆ ಹಾಕಿ. 20 ಎಂಎಂ ಅಗಲ, 3 ಎಂಎಂ ದಪ್ಪದ ಎರಡು ಕಬ್ಬಿಣದ ಪಟ್ಟಿಗಳನ್ನು ರೇಡಿಯೇಟರ್‌ನ ಬದಿ ಚೌಕಟ್ಟಿನಿಂದ ಬದಿಗೆ ಅಡ್ಡ ಹಾಯಿಸಿ, ಫ್ಯಾನಿನ ಕಿವಿಗಳನ್ನು 6 ಎಂಎಂ ಬೋಲ್ಟ್, ರಬ್ಬರ್ ವಾಷರ್, ನೈಲಾನ್ ನಟ್ ಹಾಕಿ ಅದಕ್ಕೆ ಕಟ್ಟಿ. ಜಾಲರಿಗೆ ಏನೂ ತಾಗಬಾರದು. ಫ್ಯಾನ್ ಇಂಜಿನ್ ಕಡೆ ಕೂತು ಗಾಳಿಯನ್ನು ಎಳೆಯಬೇಕು. ಗ್ರಿಲ್ ಕಡೆ ಕೂರಿಸಿ ತಳ್ಳಿಸಿದರೆ, ಮಲಗಿದಾಗಲೂ ಎದುರುಗಾಳಿಗೆ ಅಡ್ಡ ನಿಲ್ಲುತ್ತದೆ. ಮುಗಿದ ಮೇಲೆ ಗ್ರಿಲ್ ಕಡೆಯಿಂದ ರೇಡಿಯೇಟರ್‌ಗೆ ಒಂದು ಹಾಳೆ ಹಿಡಿಯಿರಿ. ಅಂಟಿಕೊಂಡರೆ ಸರಿ, ಹಾರಿಹೋದರೆ ವೈರ್ ಅದಲುಬದಲಾಗಿದೆ.

ಸುತ್ತ ತಗಡಿನ ಕವಚ ಇಲ್ಲದಿದ್ದರೆ ಫ್ಯಾನ್ ತನ್ನೆದುರಿನ ದುಂಡಗಿನ ಭಾಗವನ್ನಷ್ಟೇ ತಣಿಸುತ್ತದೆ, ನಾಲ್ಕು ಮೂಲೆ ದಂಡ. ತೆಳು ಜಿಐ ಶೀಟಿನಲ್ಲಿ, ಜಾಲರಿಯಿಂದ ಸುಮಾರು 25 ಎಂಎಂ ದೂರ ನಿಲ್ಲುವ ಹಾಗೆ ಕವಚ ಮಾಡಿಸಿ ಅಂಚಿಗೆ ರಬ್ಬರ್ ಬೀಡಿಂಗ್ ಒತ್ತಿದರೆ ಬೇರೆಯೇ ಗಾಡಿ ಅನ್ನಿಸುತ್ತದೆ. ಇಂಥದ್ದು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಬರಬೇಕಿತ್ತು.

ಇನ್ನು ವೈರಿಂಗ್. ಜೊತೆಗೆ ಕೊಡುವುದು ನೂಲಿನಂಥ ವೈರು. ಲೆಕ್ಕ ಹಾಕಿ ನೋಡಿ: ಒಂದು ಸ್ಕ್ವೇರ್ ಎಂಎಂ ತಾಮ್ರ, ಹೋಗಿ ಬರುವ ದಾರಿ ಆರು ಮೀಟರ್, ಹರಿಯುವುದು ಹತ್ತು ಆಂಪ್. ಒಂದು ವೋಲ್ಟ್ ವೈರಿನಲ್ಲೇ ಕರಗಿಹೋಯಿತು. ಕಳಪೆ ಕನೆಕ್ಟರ್ ಇನ್ನೊಂದು ಅರ್ಧ ವೋಲ್ಟ್ ತಿನ್ನುತ್ತದೆ, ಬಿಸಿಯಾಗಿ ಕರಗಿ ಅಂಟಿಕೊಳ್ಳುತ್ತದೆ. ಫ್ಯಾನ್ ತಿರುಗುತ್ತಿದೆ, ಗಾಳಿ ಇಲ್ಲ ಎಂಬ ದೂರಿಗೆ ಮುಕ್ಕಾಲುಪಾಲು ಇದೇ ಕಾರಣ. 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಅದೇ ನಷ್ಟ ಕಾಲು ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ 20 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸುವ ಸ್ವಿಚ್) 30ನೇ ಪಿನ್, 87ರಿಂದ ಫ್ಯಾನ್, ಫ್ಯಾನಿನ ಇನ್ನೊಂದು ತುದಿ ನೇರ ಬ್ಯಾಟರಿ ನೆಗೆಟಿವ್‌ಗೆ. 86ಕ್ಕೆ ಇಗ್ನಿಷನ್ ವೈರ್, 85ರಿಂದ ಥರ್ಮೋಸ್ವಿಚ್ (ಬಿಸಿ ಏರಿದಾಗ ತಾನೇ ಹತ್ತುವ ಸ್ವಿಚ್) ಮೂಲಕ ಅರ್ಥ್. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಲಿ. 10 ಆಂಪ್ ಫ್ಯೂಸ್ ಸಾಕೆಂದುಕೊಳ್ಳಬೇಡಿ, ಫ್ಯಾನ್ ಶುರುವಾಗುವಾಗ ಎರಡು ಮೂರು ಪಟ್ಟು ಎಳೆಯುತ್ತದೆ. ತೀರಾ ಹಳೆಯ ಗಾಡಿಯಾದರೆ ಬ್ಯಾಟರಿಯ ಯಾವ ತುದಿ ಗಾಡಿಯ ಲೋಹದ ಮೈಗೆ ಕಟ್ಟಿದೆ ಎಂದು ಮೊದಲು ನೋಡಿಕೊಳ್ಳಿ.

ಜಾಲರಿಗೆ ಚುಚ್ಚುವ ಸೆನ್ಸರ್ ಕಡ್ಡಿಯೂ ನಂಬಿಕೆಗೆ ಅರ್ಹವಲ್ಲ. ಅದು ನೀರಿನ ಬಿಸಿಯನ್ನಲ್ಲ, ಫಿನ್‌ನ (ಜಾಲರಿಯ ತೆಳು ತಗಡಿನ) ಬಿಸಿಯನ್ನು ಓದುತ್ತದೆ, ಅಲುಗಾಟಕ್ಕೆ ಹೊರಗೆ ಜಾರಿಯೂ ಬಿಡುತ್ತದೆ. 92 ಡಿಗ್ರಿಗೆ ಹತ್ತಿ 87ಕ್ಕೆ ಆರುವ ತಿರುಪಿನ ಸ್ವಿಚ್ ತಂದು, ಅದರ ತಿರುಪಿಗೆ ಸರಿಯಾಗಿ ಹಿತ್ತಾಳೆ ನಟ್ ಮಾಡಿಸಿ ರೇಡಿಯೇಟರ್‌ನ ಮೇಲಿನ ಟ್ಯಾಂಕಿಗೆ ಬೆಸುಗೆ ಹಾಕಿಸಿ. ಹೋಸ್ ಕತ್ತರಿಸಿ ನಡುವೆ ಅಡಾಪ್ಟರ್ ಹಾಕುವುದಾದರೆ ಅದಕ್ಕೊಂದು ಅರ್ಥ್ ವೈರ್ ಕೊಡಲು ಮರೆಯಬೇಡಿ, ಎರಡೂ ಕಡೆ ರಬ್ಬರ್ ಇರುವುದರಿಂದ ಒಂಟಿ ಪಿನ್ನಿನ ಸ್ವಿಚ್ ಕೆಲಸವನ್ನೇ ಮಾಡದು. 82ಕ್ಕೆ ಹತ್ತುವ ಸ್ವಿಚ್ ಇನ್ನೂ ತಂಪು ಎಂದು ಆಸೆಪಡಬೇಡಿ. ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ, ಇಂಜಿನ್ನಿನ ಥರ್ಮೋಸ್ಟಾಟ್, ತೆರೆಯಲು ಶುರುವಾಗುವುದೇ ಅದರ ಆಸುಪಾಸಿನಲ್ಲಿ, ಹಾಗಾಗಿ ಫ್ಯಾನ್ ಆರುವುದೇ ಇಲ್ಲ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಮೆಕ್ಯಾನಿಕ್ ಚಾಳಿಗೂ ಒಪ್ಪಬೇಡಿ. ಬೆಳಗಿನ ಚಳಿಯಲ್ಲಿ ಇಂಜಿನ್ ಹದಕ್ಕೆ ಬರುವುದೇ ಇಲ್ಲ, ಪೆಟ್ರೋಲ್ ಕುಡಿಯುತ್ತದೆ.

ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಬದಲು ಹಳೆ ಡೈನಮೋ ಇರುವ ಗಾಡಿಗೆ ಈ ಫ್ಯಾನ್ ಬೇಡವೇ ಬೇಡ. ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜೇ ಮಾಡದು, ಫ್ಯಾನ್ ಓಡುವುದು ಐಡ್ಲಿಂಗ್‌ನಲ್ಲೇ. ರಾತ್ರಿ ಟ್ರಾಫಿಕ್ಕಿನಲ್ಲಿ ಹೆಡ್‌ಲೈಟಿಗೆ ಒಂಬತ್ತು, ಇಗ್ನಿಷನ್‌ಗೆ ಮೂರು ನಾಲ್ಕು, ಫ್ಯಾನಿಗೆ ಹತ್ತು ಆಂಪ್. ಮೊದಲು ಆಲ್ಟರ್ನೇಟರ್, ಆಮೇಲೆ ಫ್ಯಾನ್.

ಇಷ್ಟು ಬೈದ ಮೇಲೂ ಹಳೆ ಫ್ಯಾನ್ ಬಿಚ್ಚಿ ಎಸೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ನೀವು ಎಲ್ಲಿ ಓಡಿಸುತ್ತೀರಿ ಎಂಬುದರಲ್ಲಿದೆ. ಚಾರ್ಮಾಡಿಯನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಗಾಡಿ ನಿಧಾನ, ಇಂಜಿನ್ ಜೋರು. ಆಗ ಬೆಲ್ಟ್ ಫ್ಯಾನ್ ಇಂಜಿನ್ ಜೊತೆ ಜೋರಾಗಿ ತಿರುಗಿ, ಚಿಕ್ಕ ಎಲೆಕ್ಟ್ರಿಕ್ ಫ್ಯಾನಿಗಿಂತ ಹೆಚ್ಚು ಗಾಳಿ ಎಳೆಯುತ್ತದೆ. ಸಕಲೇಶಪುರ, ಮಡಿಕೇರಿ ಕಡೆಯವರು ಅದನ್ನು ಬಿಚ್ಚದಿರುವುದೇ ಲೇಸು. ಅವರಿಗೆ ಈ ಫ್ಯಾನಿನ ಅಗತ್ಯವೂ ಕಮ್ಮಿ. ಪೇಟೆಯಲ್ಲೇ ಓಡಿಸುವವರು ಬಿಚ್ಚಬಹುದು. ಆಗ ಪುಲ್ಲಿಯ ಬೋಲ್ಟ್‌ಗಳು ಉದ್ದವಾಗುತ್ತವೆ. ಫ್ಯಾನಿನ ದಪ್ಪದಷ್ಟು ವಾಷರ್ ಕೊಡಿ ಅಥವಾ ಗಿಡ್ಡ ಬೋಲ್ಟ್ ಹಾಕಿ, ಇಲ್ಲದಿದ್ದರೆ ಪುಲ್ಲಿ ಸಡಿಲವಾಗಿ ಬೆಲ್ಟ್ ತಿನ್ನುತ್ತದೆ. ಬೆಲ್ಟ್ ಮಾತ್ರ ಇರಲೇಬೇಕು, ಪಂಪ್ ತಿರುಗುವುದು ಅದರಿಂದಲೇ.

ಫ್ಯಾನಿಗೆ ದುಡ್ಡು ಹಾಕುವ ಮುಂಚೆ ರೇಡಿಯೇಟರ್ ಕ್ಯಾಪ್ ಬದಲಿಸಿ ನೋಡಿ, ಇಡೀ ಬಿಲ್ಲಿನಲ್ಲಿ ಅತಿ ಅಗ್ಗದ ಸಾಮಾನು ಅದು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 7 ಪೌಂಡಿನ (ಅಷ್ಟು ಒತ್ತಡ ಹಿಡಿದಿಡುವ) ಕ್ಯಾಪ್ ಸರಿಯಾಗಿ ಕೂತರೆ ಅದಕ್ಕೆ ಹತ್ತು ಡಿಗ್ರಿಗಿಂತ ತುಸು ಹೆಚ್ಚೇ ಸೇರುತ್ತದೆ. ರಬ್ಬರ್ ಗಟ್ಟಿಯಾದ ಕ್ಯಾಪಿನಲ್ಲಿ ಅದೆಲ್ಲ ಆವಿಯಾಗಿ ಹೋಗುತ್ತದೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಇಂಜಿನ್ ಆರಿಸಿ, ತುಸು ಹೊತ್ತು ಬಿಟ್ಟು ಜಾಲರಿಯ ಮೇಲೆ ಅಂಗೈ ಆಡಿಸಿ: ನಡುವೆ ತಣ್ಣಗಿನ ಪಟ್ಟಿ ಸಿಕ್ಕರೆ ಅಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದೆ, ಫ್ಯಾನ್ ಅದನ್ನು ಕರಗಿಸದು. ಕೆಳಗಿನ ಹೋಸ್ ಇಂಜಿನ್ ಏರಿಸಿದಾಗ ಚಪ್ಪಟೆಯಾಗುತ್ತಿದ್ದರೆ ಅದನ್ನೂ ಬದಲಿಸಿ.

ಫ್ಯಾನಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಟೈ, ವೈರು, ಕಡ್ಡಿಗಳಿಗೆ ಸೇರಿ ಒಂದೂ ಇಲ್ಲ. ಪಟ್ಟಿ, ಕವಚ, ರಿಲೇ, ಒಳ್ಳೆ ವೈರಿಗೆ ಫ್ಯಾನಿನಷ್ಟೇ ದುಡ್ಡು ಎತ್ತಿಟ್ಟುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ. ಅಷ್ಟು ಬಜೆಟ್ ಇಲ್ಲದಿದ್ದರೆ ಈ ವರ್ಷ ಕ್ಯಾಪ್ ಮತ್ತು ರೇಡಿಯೇಟರ್ ಸರ್ವಿಸ್ ಮಾತ್ರ ಮಾಡಿಸಿ, ಫ್ಯಾನ್ ಮುಂದಿನ ಬೇಸಿಗೆಗೆ ಇರಲಿ. ಹಾಕಿಸಿದವರು ಗ್ಲವ್ ಬಾಕ್ಸಿನಲ್ಲಿ ಎರಡು 20 ಆಂಪ್ ಫ್ಯೂಸ್, ಒಂದು ರಿಲೇ ಮತ್ತು ಒಂದು ಗೇಣು ವೈರ್ ಇಟ್ಟುಕೊಳ್ಳಿ. ಸ್ವಿಚ್ ಕೈಕೊಟ್ಟ ದಿನ ಅದರ ವೈರ್ ತುದಿಯನ್ನು ಗಾಡಿಯ ಲೋಹದ ಮೈಗೆ ತಾಗಿಸಿ ಕಟ್ಟಿದರೆ ಮನೆ ಮುಟ್ಟುವ ತನಕ ಫ್ಯಾನ್ ಓಡುತ್ತಲೇ ಇರುತ್ತದೆ.