ಮಂಡಕ್ಕಿ ಪ್ಯಾಕೆಟ್‌ಗೆ ಯಾವ ಬಾರ್‌ಕೋಡ್?

ದಾವಣಗೆರೆಯಲ್ಲಿ ಖಾರ ಮಂಡಕ್ಕಿ ಪ್ಯಾಕ್ ಮಾಡಿ ಮಾರುತ್ತೀರಾ? ಬಾರ್‌ಕೋಡ್ ನಂಬರ್ ಕೊಡುವ ಸಂಸ್ಥೆಯಾದ ಜಿಎಸ್1 ಇಂಡಿಯಾದಲ್ಲಿ ನೋಂದಾಯಿಸಿ ನಂಬರ್ ಪಡೆಯಬಹುದು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಬಿಡಿ ನಂಬರ್ ಕೂಡ ಸಿಗುತ್ತದೆ.

ನೋಂದಾಯಿಸಿದರೆ 890ರಿಂದ ಶುರುವಾಗುವ 13 ಅಂಕಿ ನಿಮ್ಮದು. (890 ಅಂದ್ರೆ ಮಾಲು ಭಾರತದಲ್ಲೇ ತಯಾರಾದದ್ದು ಅಂತಲ್ಲ, ನೋಂದಣಿ ಇಲ್ಲಿಯದು ಅಷ್ಟೇ.) ಆಮೇಲೆ ಕಂಪನಿಯ ಅಂಕಿಗಳು, ನಂತರ ಐಟಂನವು, ಕೊನೆಗೆ ತಾಳೆ ನೋಡುವ ಅಂಕಿ. ಉದಾಹರಣೆಗೆ ಮೊದಲ 12 ಅಂಕಿ 890123456789 ಅಂತ ತಗೊಳ್ಳಿ. ಮೊದಲಿನಿಂದ ಒಂದು ಬಿಟ್ಟು ಒಂದು ಕೂಡಿದರೆ 28. ಉಳಿದವು 34, ಅದರ ಮೂರು ಪಟ್ಟು 102. ಒಟ್ಟು 130. ಹತ್ತರಿಂದ ಸರಿಯಾಗಿ ಭಾಗವಾಯಿತು, ಹಾಗಾಗಿ 13ನೇ ಅಂಕಿ 0. ಬಿಲ್ಲಿಂಗ್‌ನಲ್ಲಿ ಒಂದು ಅಂಕಿ ತಪ್ಪಿದರೂ ಇದು ಹಿಡಿಯುತ್ತದೆ. 100 ಗ್ರಾಂ, 200 ಗ್ರಾಂ ಪ್ಯಾಕೆಟ್‌ಗೆ ಬೇರೆ ಬೇರೆ ನಂಬರ್ ಬೇಕು. ನವೀಕರಣದ ಶುಲ್ಕವೂ ಇದೆ.

ಬಿಡಿ ನಂಬರೂ ಸ್ಕ್ಯಾನ್ ಆಗುತ್ತದೆ. ಆದರೆ ಅದರಲ್ಲಿರುವ ಕಂಪನಿ ಅಂಕಿ ಬೇರೆಯವರದು. ದೊಡ್ಡ ಮಳಿಗೆಯವರು ಹುಡುಕಿದರೆ ಇನ್ಯಾರದೋ ಹೆಸರು ಬರಬಹುದು, ಮಾಲು ವಾಪಸ್ ಬಂದರೆ ನಷ್ಟ ನಿಮಗೇ ಅಲ್ವಾ?

ಪಿ.ಬಿ. ರಸ್ತೆಯ ನಿಮ್ಮ ಅಂಗಡಿಯಲ್ಲಷ್ಟೇ ಮಾರುವುದಾದರೆ ಸುಮ್ನೆ ಖರ್ಚು ಬೇಡ. 20ರಿಂದ 29ರವರೆಗೆ ಶುರುವಾಗುವ ನಂಬರ್‌ಗಳು ಅಂಗಡಿಯೊಳಗಿನ ಬಳಕೆಗೇ ಇವೆ. ಬೇರೆಯವರ ಮಳಿಗೆಗೆ ಕಳಿಸುವುದಿದ್ದರೆ ನೋಂದಣಿಯನ್ನೇ ಮಾಡಿಸಿ.